ಒಂದು ಹಿಡಿಯ ಗೂಟ

ಕೆಂಚವ್ವ ಮೊದಲೇ ಮಾತು ಕಡಿಮೆಯ ಹೆಂಗಸು. ಸಿಟ್ಟು ಬಂದರೆ ಇದ್ದ ಮಾತೂ ನಿಂತುಬಿಡುತ್ತಿತ್ತು. ಓಣಿಯ ಬೇರೆ ಹೆಂಗಸರು ನಾಲ್ಕು ಮನೆಗೆ ಕೇಳುವಂತೆ ಒದರಾಡಿ ಜಗಳ ಮಾಡಿ, ಸಂಜೆಗೆ ಒಬ್ಬರ ಮನೆಯ ಮಜ್ಜಿಗೆ ಇನ್ನೊಬ್ಬರು ಈಸಿಕೊಂಡು ಹೋಗುತ್ತಿದ್ದರು. ಕೆಂಚವ್ವನಿಗೆ ಆ ಬಗೆಯ ಜಗಳ ಬರುತ್ತಿರಲಿಲ್ಲ.

ಅವಳು ಹುಟ್ಟಿದ್ದು ಕಣಗಲಾದಲ್ಲಿ. ಹದಿಮೂರನೆಯ ವಯಸ್ಸಿಗೆ ಯಮಕನಮರಡಿಯ ಮುರಿಗೆಪ್ಪನಿಗೆ ಕೊಟ್ಟರು. ಐದು ವರ್ಷ ಕಳೆದು, ಅವಳ ಬೆನ್ನಿಗೆ ಬಿದ್ದ ತಂಗಿ ಅಲ್ಲವ್ವನನ್ನು ಮುರಿಗೆಪ್ಪನ ತಮ್ಮ ಲಗಮಪ್ಪನಿಗೆ ತಂದುಕೊಂಡರು. ಅಕ್ಕತಂಗಿ ಒಂದೇ ಮನೆಗೆ ಸೊಸೆಯರಾದರೆ ಒಬ್ಬಳ ಕಷ್ಟಕ್ಕೆ ಇನ್ನೊಬ್ಬಳು ಇರುತ್ತಾಳೆ ಎಂದು ಅವರ ಅಪ್ಪನ ವಿಚಾರ. ಮೊದಲ ಏಳೆಂಟು ವರ್ಷ ಅದು ಸುಳ್ಳಾಗಲಿಲ್ಲ. ಅಲ್ಲವ್ವನಿಗೆ ಬೇಗ ಮಕ್ಕಳಾಗಲಿಲ್ಲ. ಅಕ್ಕನ ಮಗ ಲಕ್ಕಪ್ಪನನ್ನು ಅವಳೇ ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದಳು.

ಅತ್ತೆ ತೀರಿಕೊಂಡ ಮೇಲೆ ಮನೆಯ ಬೀಸುಕಲ್ಲು ಈ ಇಬ್ಬರ ಪಾಲಿಗೆ ಬಂತು. ಅಗಲವಾದ ಕರಿಯ ಕಲ್ಲು. ಒಬ್ಬಳೇ ಬೀಸಿದರೆ ರಟ್ಟೆ ಬಿದ್ದುಹೋಗುವಂಥದ್ದು. ನಸುಕಿನಲ್ಲಿ ಎದ್ದು ಇಬ್ಬರೂ ಎದುರಾಬದುರು ಕುಂತು, ಒಂದೇ ಗೂಟ ಹಿಡಿದು, ದಿನದ ರೊಟ್ಟಿಗೆ ಬೇಕಾದ ಜೋಳ ಬೀಸುತ್ತಿದ್ದರು. ಕೆಳಗೆ ಅಕ್ಕನ ಕೈ, ಮೇಲೆ ತಂಗಿಯ ಕೈ. ಜಾಲಿ ಕಟ್ಟಿಗೆಯ ಆ ಗೂಟ ಅತ್ತೆಯ ಅತ್ತೆಯ ಕಾಲದ್ದು. ಅಂಗೈ ತಿಕ್ಕಿ ತಿಕ್ಕಿ ಅದು ಎಮ್ಮೆಯ ಕೋಡಿನ ಹಾಗೆ ಕಪ್ಪಗೆ ನುಣ್ಣಗಾಗಿತ್ತು. ಎರಡು ಮುಷ್ಟಿ ಕೂರುವ ಎರಡು ಜಾಗದಲ್ಲಿ ತುಸು ಸವೆದು ತಗ್ಗು ಬಿದ್ದಿತ್ತು.

ಕೆಟ್ಟದ್ದು ಶುರುವಾದದ್ದು ಜೋಳದ ಸುಗ್ಗಿಯ ಒಂದು ದಿನ. ಆಗ ಬೆಳಗಾವಿ-ನಿಪ್ಪಾಣಿ ರಸ್ತೆಯ ಮೇಲೆ ಸರ್ವಿಸ್ ಮೋಟಾರು ಓಡಾಡಲು ಹತ್ತಿದ್ದವು. ಆ ಕಡೆಯಿಂದ ಒಂದು, ಈ ಕಡೆಯಿಂದ ಒಂದು ಬಂದು, ಹೊತ್ತೇರುವಾಗ ಯಮಕನಮರಡಿಯಲ್ಲಿ ನಿಂತು, ಇಂಜಿನ್ನಿಗೆ ನೀರು ಹಾಕಿಸಿಕೊಂಡು ಮುಂದೆ ಹೋಗುತ್ತಿದ್ದವು. ಅವತ್ತು ಕಣಗಲಾದಿಂದ ಚಿಕ್ಕಪ್ಪನ ಮಗ ಒಂದು ಮೋಟಾರಿನಿಂದ ಇಳಿದು ಮನೆಗೆ ಓಡಿಬಂದ. ಅಪ್ಪನ ಉಸಿರು ಹತ್ತಿಕೊಂಡಿದೆ, ಹೆಣ್ಣುಮಕ್ಕಳನ್ನು ನೋಡಬೇಕೆನ್ನುತ್ತಿದ್ದಾನೆ ಎಂದ. ಮನೆಯಲ್ಲಿದ್ದವಳು ಅಲ್ಲವ್ವ ಒಬ್ಬಳೇ. ಕೆಂಚವ್ವ, ಗಂಡಸರು ಎಲ್ಲ ಹೊಲದಲ್ಲಿ ಜೋಳ ಕೊಯ್ಯುತ್ತಿದ್ದರು. ಹೊಲ ಊರಿಂದ ಒಂದು ಮೈಲು. ಅಲ್ಲವ್ವ ಬಾಜೂ ಮನೆಯ ರಾಯವ್ವನಿಗೆ ಏನೋ ಒಂದು ಮಾತು ಹೇಳಿ, ಉಟ್ಟ ಸೀರೆಯಲ್ಲೇ ನಿಪ್ಪಾಣಿ ಕಡೆಯ ಮೋಟಾರು ಹತ್ತಿ ಹೋದಳು.

ಕೆಂಚವ್ವನಿಗೆ ಸುದ್ದಿ ಮುಟ್ಟಿದ್ದು ಅವಳು ಹೊಲದಿಂದ ಬಂದು ಕಾಲು ತೊಳೆದ ಮೇಲೆ. ಬೆಳಕು ಹರಿಯುವ ಮೊದಲೇ ಮುರಿಗೆಪ್ಪ ಗಾಡಿ ಹೂಡಿದ. ಕಣಗಲಾ ಸಮೀಪಿಸಿದಾಗ ಹೊತ್ತು ಇಳಿಯುತ್ತಿತ್ತು. ಮಣ್ಣು ಕೊಟ್ಟು ಬಂದ ಮಂದಿ ಎದುರಿಗೆ ಸಿಕ್ಕರು. ಅಪ್ಪ ಬೆಳಗಿನವರೆಗೆ ಜೀವ ಹಿಡಿದಿದ್ದನಂತೆ. ದೊಡ್ಡಾಕಿ ಬಂದಳೇನು ಎಂದು ಕೇಳುತ್ತಲೇ ಇದ್ದನಂತೆ. ಕೆಂಚವ್ವ ಹೊಲದ ಮೂಲೆಯ ಹಸಿ ಮಣ್ಣಿನ ಮೇಲೆ ಕೈಯಿಟ್ಟಳು. ತವರಿನಲ್ಲಿ ನೀರನ್ನೂ ಕುಡಿಯದೆ, ಎತ್ತುಗಳ ದಣಿವಾರುವ ತನಕ ಗಾಡಿಯಲ್ಲೇ ಕುಂತಿದ್ದು ತಿರುಗಿ ಬಂದಳು.

ಬಂದವಳು ಮೊದಲು ರಾಯವ್ವನನ್ನು ಕೇಳಿದಳು. ರಾಯವ್ವ ಸುಳ್ಳು ಹೇಳುವವಳಲ್ಲ. ಬಾಯಿ ಮುಚ್ಚಿಕೊಂಡು ಇರುವವಳೂ ಅಲ್ಲ.

“ಸಂಜಿಕ ಬಂದ ಮ್ಯಾಲ ಹೇಳು ಅಂದ್ಲವ್ವಾ. ಈಗ ಹೊಲಕ್ಕ ಹೋಗಿ ಹೇಳ್ಲೇನು ಅಂತ ನಾನ ಕೇಳಿದೆ. ಬ್ಯಾಡ, ಸಂಜಿಕ ಸಾಕು ಅಂದ್ಲು.”

ವಾರದ ಮೇಲೆ ಅಲ್ಲವ್ವ ತವರಿನಿಂದ ಬಂದಳು. ಓಣಿಯಲ್ಲಿ ಹಬ್ಬಿದ್ದ ಮಾತು ಅವಳ ಕಿವಿಗೂ ಬಿತ್ತು. ಗಂಡನ ಮುಂದೆ, ಭಾವನ ಮುಂದೆ ನಿಂತು, ರಾಯವ್ವ ಹೇಳುವುದು ಸುಳ್ಳು, ತಾನು ಆಗಲೇ ಹೊಲಕ್ಕೆ ಹೋಗಿ ಹೇಳು ಎಂದಿದ್ದೆ ಎಂದಳು. ಒಳಗೆ ರೊಟ್ಟಿ ಬಡಿಯುತ್ತಿದ್ದ ಕೆಂಚವ್ವನಿಗೆ ಅದು ಕೇಳಿಸಿತು. ಅವಳು ಎದ್ದು ಹೊರಗೆ ಬರಲಿಲ್ಲ, ಹೌದೇನು ಎಂದು ತಂಗಿಯನ್ನು ಕೇಳಲೂ ಇಲ್ಲ. ಅವತ್ತಿನಿಂದ ಅವಳ ಸಂಗಡ ಮಾತು ಬಿಟ್ಟಳು.

ಮಾತು ಬಿಟ್ಟರೂ ಮನೆ ಒಂದೇ, ಒಲೆ ಒಂದೇ, ಬೀಸುಕಲ್ಲು ಒಂದೇ. ಎರಡು ವರ್ಷ ಅವರಿಬ್ಬರೂ ಹಾಗೇ ಬೀಸಿದರು. ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕುಂತು, ಒಬ್ಬರ ಮುಖ ಒಬ್ಬರು ನೋಡದೆ, ಒಂದೇ ಗೂಟಕ್ಕೆ ಕೈ ಹಾಕಿ. ಮೊದಲು ಹಾಡುತ್ತಿದ್ದರು, ಈಗ ಕಲ್ಲಿನ ಸಪ್ಪಳವೊಂದೇ. ರಾಯವ್ವ ತನ್ನ ಮನೆಯಲ್ಲಿ ಮಲಗಿದ್ದಲ್ಲಿಂದಲೇ ಅದನ್ನು ಕೇಳಿ, “ಕಲ್ಲ ಬೀಸಾಕತ್ತಾವೋ, ಹಲ್ಲ ಕಡ್ಯಾಕತ್ತಾವೋ” ಎನ್ನುತ್ತಿದ್ದಳು.

ಕಲ್ಲು ಬೀಸುವವರಿಗೆ ಎದುರಿನವಳ ಮನಸ್ಸು ಗೂಟದಲ್ಲೇ ಗೊತ್ತಾಗುತ್ತದೆ. ಜೋರು ಹಾಕಿದ್ದಾಳೋ, ಬರೀ ಕೈ ಇಟ್ಟುಕೊಂಡು ಸುತ್ತುತ್ತಿದ್ದಾಳೋ ಮುಚ್ಚಿಡಲಾಗದು. ಎರಡನೆಯ ವರ್ಷದ ಚಳಿಗಾಲದ ಒಂದು ನಸುಕಿನಲ್ಲಿ ಅಲ್ಲವ್ವನಿಗೆ ಜ್ವರದ ಮೈ. ಅವಳ ಕೈ ಹಗುರಾಯಿತು. ಅದು ಜ್ವರವೆಂದು ಕೆಂಚವ್ವನಿಗೆ ತಿಳಿಯಲಿಲ್ಲ. ತಿಳಿಯಬೇಕೆಂದು ಅವಳು ನೋಡಲೂ ಇಲ್ಲ. ಬೇಕಂತಲೇ ಭಾರ ತನ್ನ ಮೇಲೆ ಬಿಡುತ್ತಿದ್ದಾಳೆ ಎಂದುಕೊಂಡು ಕಲ್ಲನ್ನು ಇನ್ನೂ ಜೋರಾಗಿ ಎಳೆದಳು. ಅಲ್ಲವ್ವ ತಡೆಯಲಾರದೆ ಗೂಟವನ್ನು ತನ್ನ ಕಡೆ ಜಗ್ಗಿ ನಿಲ್ಲಿಸಲು ನೋಡಿದಳು. ಕೆಂಚವ್ವ ಬಿಡಲಿಲ್ಲ. ಗೂಟ ಬುಡದಲ್ಲಿ ಲಟಕ್ಕನೆ ಮುರಿಯಿತು. ಅಲ್ಲವ್ವನ ಕೈ ಕಲ್ಲಿನ ಅಂಚಿಗೆ ಬಡಿದು ಬೆರಳ ಗೆಣ್ಣು ಸುಲಿದು, ರಕ್ತ ಹಿಟ್ಟಿನೊಳಗೆ ಬಿತ್ತು.

“ಮುರದಿ?” ಎಂದಳು ಅಲ್ಲವ್ವ.

ಕೆಂಚವ್ವ ಮುರಿದ ತುಂಡನ್ನು ಬದಿಗಿಟ್ಟು, ಕೆಂಪಾದ ಹಿಟ್ಟನ್ನು ಬೊಗಸೆಯಲ್ಲಿ ತೆಗೆದು ಹಿತ್ತಲಿಗೆ ಚೆಲ್ಲಿ ಬಂದಳು. ತಂಗಿಯ ಬೆರಳಿನ ಕಡೆ ನೋಡಲಿಲ್ಲ.

ಊಟಕ್ಕೆ ಕುಂತಾಗ ಮುರಿಗೆಪ್ಪ, “ಬಡಿಗ್ಯಾಗ ಹೇಳಿ ಕಳಸ್ತೀನಿ. ವರ್ಷಾ ಕಾಳ ಕೊಡ್ತೇವಲ್ಲ ಅಂವಗ, ಒಂದ ಗೂಟ ಮಾಡ್ಲಿಕ್ಕೆ ಏನು” ಎಂದ.

“ಬಡಿಗ್ಯಾ ಬ್ಯಾಡ. ನಾನ ಮಾಡ್ತೀನಿ.”

“ನಿನಗೇನ ಬರತೈತಿ?”

“ಬರತೈತಿ.”

ಗಂಡ ಹೊಲಕ್ಕೆ ಹೋದ ಮೇಲೆ ಕೆಂಚವ್ವ ಕೆಲಸಕ್ಕೆ ಕುಂತಳು. ಮೊದಲು ಕಲ್ಲಿನ ಕುಳಿಯಲ್ಲಿ ಸಿಕ್ಕಿಕೊಂಡಿದ್ದ ಹಳೆಯ ಬುಡ ತೆಗೆಯಬೇಕು. ಅದು ಐವತ್ತು ಅರವತ್ತು ವರ್ಷದಿಂದ ಅಲ್ಲೇ ಕುಂತು ಕಲ್ಲೇ ಆಗಿಬಿಟ್ಟಿತ್ತು. ಒಲೆಯಲ್ಲಿ ಕಬ್ಬಿಣದ ಸಲಾಕಿ ಕೆಂಪಗೆ ಕಾಯಿಸಿ ಬುಡದ ನಡುವೆ ಇಟ್ಟಳು. ಹೊಗೆ ಎದ್ದು ಕಣ್ಣಲ್ಲಿ ನೀರು ಬಂತು. ಸುಟ್ಟಷ್ಟನ್ನು ದಬ್ಬಣದಿಂದ ಕೆದರಿ ತೆಗೆದು, ಮತ್ತೆ ಸಲಾಕಿ ಕಾಯಿಸಿದಳು. ಹತ್ತು ಹನ್ನೆರಡು ಸಲ ಹೀಗೆ ಮಾಡಿದ ಮೇಲೆ ಕುಳಿ ಬರಿದಾಯಿತು.

ದನದ ಕೊಟ್ಟಿಗೆಯ ಅಟ್ಟದ ಮೇಲೆ ಎರಡು ವರ್ಷದಿಂದ ಒಣಗುತ್ತಿದ್ದ ಹುಣಸೆಯ ಕೊಂಬೆಯಿತ್ತು. ಹಸಿ ಕಟ್ಟಿಗೆಯಾದರೆ ಮುಂದೆ ಒಣಗಿ ಕುಗ್ಗಿ ಅಲುಗಾಡುತ್ತದೆ. ಇದು ಚೆನ್ನಾಗಿ ಒಣಗಿತ್ತು. ಕೊಡಲಿಯಿಂದ ಒಂದು ತುಂಡು ಕಡಿದು, ಕುಡಗೋಲು ಹಿಡಿದು ಕೆತ್ತಲು ಶುರು ಮಾಡಿದಳು. ಹುಣಸೆ ಕಟ್ಟಿಗೆ ಸುಲಭಕ್ಕೆ ಬಗ್ಗುವುದಲ್ಲ. ಕುಡಗೋಲು ಜಾರಿ ಎಡಗೈ ಹೆಬ್ಬೆರಳ ಬುಡದಲ್ಲಿ ಕೊಯ್ದಿತು. ಅರಿಷಿಣ ಮೆತ್ತಿ, ಬಟ್ಟೆ ಸುತ್ತಿಕೊಂಡು, ಮತ್ತೆ ಕೆತ್ತಿದಳು. ಬುಡವನ್ನು ಕುಳಿಗೆ ಹೊಂದುವಂತೆ ಸಪೂರ ಮಾಡಿ, ನಾಲ್ಕೈದು ಸಲ ಇಟ್ಟು ನೋಡಿ, ಎಲ್ಲಿ ತಾಗುತ್ತದೋ ಅಲ್ಲಿ ಹೆರೆದಳು.

ಆಮೇಲೆ ಗೂಟವನ್ನು ಕುಳಿಯಲ್ಲಿ ನಿಲ್ಲಿಸಿ ತನ್ನ ಬಲಗೈ ಮುಷ್ಟಿಯಿಂದ ಹಿಡಿದಳು. ಹೆಬ್ಬೆರಳಿನ ಮೇಲೆ ಸರಿಯಾಗಿ ಇದ್ದಿಲಿನಿಂದ ಗೆರೆ ಎಳೆದಳು. ಗೂಟ ತೆಗೆದು ಆ ಗೆರೆಗೆ ಕಡಿದಳು.

ಕಡಿಯುವ ಹೊತ್ತಿಗೆ ರಾಯವ್ವ ಬೆಂಕಿ ಕೇಳಲು ಬಂದವಳು ಬಾಗಿಲಲ್ಲಿ ನಿಂತು ನೋಡಿದಳು.

“ಅಷ್ಟ ಗಿಡ್ಡ ಯಾಕ ಕಡದೆವ್ವಾ? ಇಬ್ಬರ ಕೈ ಹಿಡ್ಯಾಂಗಿಲ್ಲ ಅದು.”

“ಒಬ್ಬಾಕೀದ ಹಿಡದ್ರ ಸಾಕು.”

“ಆ ಕಲ್ಲ ಒಬ್ಬಾಕಿ ಬೀಸೂದಲ್ಲ, ಕೆಂಚವ್ವಾ. ನಿಮ್ಮತ್ತೀನೂ ಒಬ್ಬಾಕೀನ ಬೀಸಲಿಲ್ಲ.”

ಕೆಂಚವ್ವ ಒಡೆದ ಹಂಚಿನ ತುಂಡಿನಿಂದ ಗೂಟದ ಮೈ ಉಜ್ಜಿ ಸಿಬಿರು ತೆಗೆದು, ಕುಸುಬಿ ಎಣ್ಣೆ ಹಚ್ಚಿದಳು. ಬುಡಕ್ಕೆ ಹಳೆಯ ಧೋತರದ ಚೂರು ಸುತ್ತಿ ಕುಳಿಯಲ್ಲಿಟ್ಟು, ಗುಂಡುಕಲ್ಲಿನಿಂದ ಬಡಿದು ಕೂರಿಸಿದಳು. ಅಲುಗಾಡಿಸಿ ನೋಡಿದಳು. ಗಟ್ಟಿ ಕುಂತಿತ್ತು.

ಮರುದಿನ ನಸುಕಿನಲ್ಲಿ ಅಲ್ಲವ್ವ ಬೆರಳಿಗೆ ಬಟ್ಟೆ ಕಟ್ಟಿಕೊಂಡೇ ಬಂದು ಎದುರಿಗೆ ಕುಂತಳು. ಗೂಟ ಕಂಡಿತು. ಕೆಂಚವ್ವನ ಮುಷ್ಟಿ ಅದನ್ನು ಬುಡದಿಂದ ತುದಿಯವರೆಗೆ ಮುಚ್ಚಿಕೊಂಡಿತ್ತು. ಅಲ್ಲವ್ವ ಬೇರೆ ದಾರಿ ಕಾಣದೆ ಅಕ್ಕನ ಮುಷ್ಟಿಯ ಮೇಲೇ ತನ್ನ ಅಂಗೈ ಇಟ್ಟಳು. ಕಲ್ಲು ಒಂದು ಸುತ್ತು ತಿರುಗಿತು.

“ಕೈ ತಗಿ” ಎಂದಳು ಕೆಂಚವ್ವ. ಎರಡು ವರ್ಷದಲ್ಲಿ ಅವಳು ತಂಗಿಗೆ ಆಡಿದ ಮೊದಲ ಮಾತು ಅದು.

ಅಲ್ಲವ್ವ ಕೈ ತೆಗೆದಳು. ಎದ್ದು, ಗಡಿಗೆಯಿಂದ ತನಗೂ ಗಂಡನಿಗೂ ಸಾಲುವಷ್ಟು ಜೋಳ ಮೊರಕ್ಕೆ ಹಾಕಿಕೊಂಡು, ಓಣಿಯ ಆ ತುದಿಯ ಮನೆಗೆ ಬೀಸಲು ಹೋದಳು. ಅವತ್ತು ಗಂಡಸರು ಊಟಕ್ಕೆ ಕುಂತಾಗ ಎರಡು ಬುಟ್ಟಿಯಲ್ಲಿ ರೊಟ್ಟಿ ಬಂದವು. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿದರು. ಬೀಸುಕಲ್ಲಿನ ಹತ್ತಿರ ಹೋಗಿ ಗೂಟ ನೋಡಿ ಬಂದ ಲಗಮಪ್ಪ, “ಅಣ್ಣಾ, ಇನ್ನ ಬ್ಯಾರೆ ಆಗೂದ ಚಲೋ” ಎಂದ. ಮುರಿಗೆಪ್ಪ ಇಲ್ಲ ಎನ್ನಲಿಲ್ಲ. ಅಣ್ಣತಮ್ಮಂದಿರ ನಡುವೆ ಹೊಲಕ್ಕಾಗಲಿ ದನಕ್ಕಾಗಲಿ ಎಂದೂ ಮಾತು ಬಂದದ್ದಿಲ್ಲ. ಬೇಸಿಗೆ ಬರುವುದರೊಳಗೆ ಅಂಗಳದ ನಟ್ಟನಡುವೆ ಮಣ್ಣಿನ ಗೋಡೆ ಎದ್ದಿತು. ಹಿರಿಯರು ಬೀಸುಕಲ್ಲನ್ನು ಯಾರಿಗೆ ಎಂದು ಕೇಳಿದರು. ಅಲ್ಲವ್ವ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, “ಅದು ಆಕಿ ಹತ್ರಾನ ಇರ್ಲಿ. ಆಕಿ ಒಬ್ಬಾಕಿಗೇ ಮಾಡಿದ್ದೈತಿ” ಎಂದಳು. ಲಗಮಪ್ಪ ಗೋಕಾಕದ ಸಂತೆಗೆ ಗಾಡಿ ಕಟ್ಟಿಕೊಂಡು ಹೋಗಿ ಸಣ್ಣದೊಂದು ಹೊಸ ಬೀಸುಕಲ್ಲು ತಂದ.

ಗೋಡೆ ಎದ್ದರೂ ಹಗೆ ತಣ್ಣಗಾಗಲಿಲ್ಲ. ಬಹಳ ವರ್ಷದ ಮೇಲೆ ಅಲ್ಲವ್ವನಿಗೆ ಮಗಳು ಹುಟ್ಟಿ, ತೊಟ್ಟಿಲ ದಿನ ಗೋಡೆಯಾಚೆಯಿಂದ ಹೋಳಿಗೆಯ ತಾಟು ಬಂತು. ಕೆಂಚವ್ವ ಅದನ್ನು ತಂದವಳ ಎದುರಿಗೇ ಎಮ್ಮೆಯ ಮುಂದೆ ಸುರಿದು, ತಾಟು ತೊಳೆದು ಕೊಟ್ಟಳು. ಅಲ್ಲವ್ವನೂ ಕಡಿಮೆಯಲ್ಲ. ಅಕ್ಕನ ಮಗ ಲಕ್ಕಪ್ಪನ ಮದುವೆಯಲ್ಲಿ, ತಾನು ಎತ್ತಿ ಬೆಳೆಸಿದ ಹುಡುಗ ಕಾಲಿಗೆ ಬೀಳಲು ಬಂದಾಗ, ಹಿತ್ತಲ ಬಾಗಿಲಿನಿಂದ ಹೊರಗೆ ಹೋಗಿಬಿಟ್ಟಳು.

ಕೆಂಚವ್ವ ದಿನಾ ಒಬ್ಬಳೇ ಬೀಸಿದಳು. ಊರಿಗೆ ಹಿಟ್ಟಿನ ಗಿರಣಿ ಬಂತು. ಮೊದಲ ವಾರವೇ ಅಲ್ಲವ್ವ ಜೋಳದ ಬುಟ್ಟಿ ಹೊತ್ತು ಅಲ್ಲಿಗೆ ಹೋದಳೆಂದು ಕೇಳಿ, ಕೆಂಚವ್ವ ಗಿರಣಿಯ ಹಿಟ್ಟಿಗೆ ಎಣ್ಣೆಯ ನಾತ ಎಂದಳು. ಮಸಗುಪ್ಪಿಯಿಂದ ಸೊಸೆಯಾಗಿ ಬಂದ ಯಮನವ್ವ ಗಟ್ಟಿಗಿತ್ತಿ. ಬಂದ ತಿಂಗಳಿಗೇ ಕಲ್ಲಿನ ಮುಂದೆ ಕುಂತು, “ಅತ್ತಿ, ಈ ಗೂಟ ತಗದು ಉದ್ದಂದು ಹಾಕ್ರಿ. ಇಬ್ರೂ ಕೂಡಿ ಬೀಸಿದ್ರ ಅರ್ಧಾ ಹೊತ್ತಿನಾಗ ಮುಗಿತೈತಿ” ಎಂದಳು.

“ನಿನಗ ಆಗದಿದ್ರ ಏಳು. ನಾ ಬೀಸ್ತೀನಿ” ಎಂದಳು ಕೆಂಚವ್ವ.

ನಲವತ್ತಮೂರನೆಯ ಇಸವಿಯ ಸುಮಾರಿಗೆ ಅವಳ ಬಲಭುಜ ಹಿಡಿದುಕೊಂಡಿತು. ಮೊದಲು ನೋವು, ಆಮೇಲೆ ಒಂದು ಬೆಳಿಗ್ಗೆ ಕೈ ಎದೆಯ ಮಟ್ಟಕ್ಕೂ ಏಳಲಿಲ್ಲ. ಭುಜಕ್ಕೆ ಬರೆ ಹಾಕಿಸಿಕೊಂಡಳು. ಬರೆ ಹುಣ್ಣಾಯಿತೇ ಹೊರತು ಕೈ ಬರಲಿಲ್ಲ. ಸೊಸೆ ಚೊಚ್ಚಲ ಹೆರಿಗೆಗೆ ಮಸಗುಪ್ಪಿಗೆ ಹೋಗಿದ್ದಳು. ಯುದ್ಧದ ದೆಸೆಯಿಂದ ಎಣ್ಣೆ ಸಿಗದೆ ಗಿರಣಿ ನಿಂತಿತ್ತು. ಕೆಂಚವ್ವ ಎಡಗೈಯಿಂದ ಗೂಟ ಹಿಡಿದು ಬೀಸಲು ನೋಡಿದಳು. ಎರಡು ಹಿಡಿ ಕಾಳು ನುಚ್ಚಾಗುವುದರೊಳಗೆ ಹೊತ್ತೇರಿತು.

ಮೂರನೆಯ ದಿನ ಮುರಿಗೆಪ್ಪ ಹಿಟ್ಟಿನ ಬುಟ್ಟಿ ತಂದಿಟ್ಟ. ಎಲ್ಲಿಂದ ಎಂದು ಹೇಳಲಿಲ್ಲ. ಕೆಂಚವ್ವ ಚಿಟಿಕೆ ಹಿಟ್ಟು ತೆಗೆದು ಬೆರಳ ನಡುವೆ ತಿಕ್ಕಿದಳು. ರವೆಯಿಲ್ಲದ, ಬೂದಿಯಂಥ ಸಣ್ಣ ಹಿಟ್ಟು. ಎಂಟು ವರ್ಷ ಹಾಡುತ್ತ, ಎರಡು ವರ್ಷ ಹಲ್ಲು ಕಡಿಯುತ್ತ ಆ ಕೈಯ ಎದುರಿಗೆ ಕುಂತವಳು ಅವಳು.

“ಗೋಡಿ ಆಚೆ ಒಯ್ದಿದ್ದೆ ಹೌದಿಲ್ಲೋ?”

“ಹೊಟ್ಟಿಗೆ ಬೇಕಲ್ಲ” ಎಂದ ಮುರಿಗೆಪ್ಪ. “ನನಗೂ ವಯಸ್ಸಾತು, ಕೆಂಚೀ. ದಿನಾ ನುಚ್ಚ ಕುಡದು ಬಾಳ್ವೆ ಆಗೂದಿಲ್ಲ.”

ಕೆಂಚವ್ವ ಬುಟ್ಟಿಯನ್ನು ಎಡಸೊಂಟಕ್ಕೆ ಏರಿಸಿಕೊಂಡು ಹೊರಟಳು. ಗೋಡೆ ಎದ್ದ ಮೇಲೆ ಆ ಮನೆಯ ಹೊಸ್ತಿಲಿಗೆ ಅವಳು ಹೋದದ್ದು ಅದೇ ಮೊದಲು. ಅಲ್ಲವ್ವ ತನ್ನ ಸಣ್ಣ ಕಲ್ಲಿನ ಮುಂದೆ ಕುಂತು ಕಡಲೆ ಒಡೆಯುತ್ತಿದ್ದಳು. ತಲೆಯೆತ್ತಿ ನೋಡಿದಳು, ಕಲ್ಲು ನಿಲ್ಲಿಸಲಿಲ್ಲ.

“ತಗೋ ನಿನ್ನ ಹಿಟ್ಟು.”

“ನಂದಲ್ಲ. ನಿಮ್ಮ ಜ್ವಾಳದ್ದು.”

“ಬೀಸಿದ ಕೈ ನಮ್ಮದಲ್ಲ.”

“ಭಾವ ತಂದು ಕೊಟ್ರು, ಬೀಸಿದೆ. ನಿನಗ ಅಂತ ಬೀಸಿಲ್ಲ.”

ಕೆಂಚವ್ವ ಬುಟ್ಟಿ ಇಳಿಸಿದಳು. ಹೋಗಬೇಕಾದವಳು ಹೋಗದೆ ಅಲ್ಲೇ ನಿಂತಳು. ಕಲ್ಲು ಇನ್ನೆರಡು ಸುತ್ತು ತಿರುಗಿತು.

“ಅವತ್ತ ರಾಯವ್ವಗ ಏನ ಹೇಳಿದ್ದಿ?”

ಅಲ್ಲವ್ವನ ಕೈ ನಿಂತಿತು.

“ಸಂಜಿಕ ಹೇಳು ಅಂದಿದ್ದೆ.”

“ಯಾಕ?”

“ಮೋಟಾರದಾಗ ಒಂದ ಜಾಗಾ ಇತ್ತು. ನಿನ್ನ ಕರಿಸಿದ್ರ ದೊಡ್ಡಾಕಿ ಅಂತ ನಿನ್ನ ಕೂಡಸ್ತಿದ್ರು. ನಾ ಉಳೀತಿದ್ದೆ.” ಅಲ್ಲವ್ವ ದನಿ ಏರಿಸಲಿಲ್ಲ. “ಅಪ್ಪ ಯಾವಾಗ್ಲೂ ನಿನ್ನನ್ನ ಕೇಳಾಂವ. ಒಂದ ಸಲ ನಾ ಮದಲ ಹೋಗಬೇಕು ಅನಸ್ತು. ಹೋದೆ. ಹೋದ ಮ್ಯಾಲೂ ನಿನ್ನನ್ನ ಕೇಳಿದ. ನಾ ಬಾಜೂಕ ಕುಂತು ನೀರ ಹಾಕಾಕತ್ತಿದ್ದೆ, ದೊಡ್ಡಾಕಿ ಬಂದ್ಲೇನು ಅಂದ. ರಾತ್ರೆಲ್ಲಾ ಅದನ್ನ ಕೇಳಿದ.”

“ಇಷ್ಟ ಹೇಳಾಕ ಹದಿನೆಂಟ ವರ್ಷ ಬೇಕಾತು?”

“ನೀ ಒಂದ ದಿನಾನೂ ನನ್ನ ಕೇಳಲಿಲ್ಲ. ರಾಯವ್ವನ್ನ ಕೇಳಿದಿ, ಊರನ್ನ ಕೇಳಿದಿ. ನನ್ನ ಕೇಳಬೇಕಾಗಿತ್ತು.”

ಇಷ್ಟು ವರ್ಷ ಇದೇ ಮಾತನ್ನು ತಂಗಿಯ ಬಾಯಿಂದ ಕೇಳಿದರೆ ಎದೆ ಹಗುರಾದೀತು ಎಂದು ಕೆಂಚವ್ವ ತಿಳಿದಿದ್ದಳು. ಹಾಗೇನೂ ಆಗಲಿಲ್ಲ. ಸಾಯುವ ಅಪ್ಪನ ಹಾಸಿಗೆಯ ಬಾಜೂ ಕುಂ‌ತು, ತನ್ನ ಹೆಸರು ಕೇಳಿಸಿಕೊಳ್ಳದೆ ಅಕ್ಕನ ಹೆಸರು ಕೇಳಿಸಿಕೊಂಡವಳ ಮುಖ ಕಣ್ಣಿಗೆ ಬಂತು. ಅದಕ್ಕೂ ಅವಳಿಗೆ ಸಿಟ್ಟೇ ಬಂತು. ಈ ಸಿಟ್ಟು ಯಾರ ಮೇಲೆ ಎಂಬುದಷ್ಟೇ ತಿಳಿಯಲಿಲ್ಲ. “ತಪ್ಪ ಮಾಡಿದಿ” ಎಂದಳು. “ಹೂಂ” ಎಂದಳು ಅಲ್ಲವ್ವ. ಕೆಂಚವ್ವ ಬುಟ್ಟಿಯನ್ನು ಅಲ್ಲೇ ಬಿಟ್ಟು ಮನೆಗೆ ಬಂದು, “ನಾಳಿಂದ ಆ ಮನಿಗೆ ಕಾಳ ಒಯ್ಯಬ್ಯಾಡ” ಎಂದು ಗಂಡನಿಗೆ ಹೇಳಿದಳು.

ಮುರಿಗೆಪ್ಪ ಒಯ್ಯಲಿಲ್ಲ. ಆದರೆ ಊಟದ ಹೊತ್ತಿಗೆ ತಾನೇ ತಮ್ಮನ ಮನೆಗೆ ಹೋಗಿ ರೊಟ್ಟಿ ಉಂಡು ಬರಲು ಹತ್ತಿದ. ಲಕ್ಕಪ್ಪನೂ ಹೋದ. ಮೂರು ತಿಂಗಳು ಕೆಂಚವ್ವ ತನ್ನ ಎಡಗೈಯ ನುಚ್ಚು ತಾನೊಬ್ಬಳೇ ಕುದಿಸಿಕೊಂಡು ಕುಡಿದಳು. ಮೈ ಇಳಿದು ಬಳೆಗಳು ಮೊಣಕೈಗೆ ಏರಿದವು. ರಾಯವ್ವ ಬಂದು ಬೈದು ಹೋದಳು. ಅಲ್ಲವ್ವ ಬರಲಿಲ್ಲ, ಯಾರನ್ನೂ ಕಳಿಸಲಿಲ್ಲ.

ಯಮನವ್ವ ಐದು ತಿಂಗಳ ಕೂಸನ್ನು ಎತ್ತಿಕೊಂಡು ಮಸಗುಪ್ಪಿಯಿಂದ ಬಂದಳು. ಅತ್ತೆಯನ್ನು ಒಂದು ಸಲ ನೋಡಿದಳು, ಕಲ್ಲನ್ನು ಒಂದು ಸಲ ನೋಡಿದಳು. ಯಾರಿಗೂ ಹೇಳದೆ ಬಡಿಗ್ಯಾನನ್ನು ಕರೆಸಿ ಗಿಡ್ಡ ಗೂಟ ಕೀಳಿಸಿ, ಗೇಣುದ್ದದ ಹೊಸದೊಂದನ್ನು ಹಾಕಿಸಿದಳು.

“ಯಾರನ್ನ ಕೇಳಿ ಮಾಡಿಸಿದಿ?” ಎಂದಳು ಕೆಂಚವ್ವ.

“ಯಾರನ್ನೂ ಕೇಳಲಿಲ್ರಿ. ನನ್ನ ಕೂಸಿಗೆ ಹಾಲ ಬರಬೇಕಂದ್ರ ನಾ ಉಣಬೇಕು. ಇಡೀ ದಿನಾ ಕಲ್ಲ ಮುಂದ ಕುಂದ್ರಾಕ ನನಗ ಆಗೂದಿಲ್ಲ.”

ಎರಡು ದಿನ ಕೆಂಚವ್ವ ಬೀಸುವ ಹೊತ್ತಿಗೆ ಎದ್ದು ಕೊಟ್ಟಿಗೆಗೆ ಹೋಗಿ ಕುಂತಳು. ಮೂರನೆಯ ದಿನ ಕೂಸು ಅಳುತ್ತಿತ್ತು. ಯಮನವ್ವ ಒಂದು ಕೈಯಲ್ಲಿ ಕೂಸು ಹಿಡಿದು ಒಂದು ಕೈಯಲ್ಲಿ ಬೀಸುತ್ತಿದ್ದಳು. ಕಾಳು ಹಾಕಲು ಕೈಯಿರಲಿಲ್ಲ. “ಅತ್ತಿ, ಬಂದು ಕಾಳ ಹಾಕ್ರಿ, ಇಲ್ಲಂದ್ರ ಕೂಸರ ಹಿಡೀರಿ” ಎಂದು ಕೂಗಿದಳು. ಕೆಂಚವ್ವ ಬಂದು ನಿಂತಳು. ಕೂಸನ್ನು ಎತ್ತಿಕೊಳ್ಳಲು ಬಲಗೈ ಏಳುತ್ತಿರಲಿಲ್ಲ. ಕಲ್ಲಿನ ಆ ಬದಿಗೆ ಕುಂತು, ಎಡಗೈಯಿಂದ ಜೋಳ ತೆಗೆದು ಕಲ್ಲಿನ ಬಾಯಿಗೆ ಬಿಟ್ಟಳು. ಗೂಟಕ್ಕೆ ಕೈ ಹಾಕಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಉದುರಿದ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, “ದಪ್ಪ ಬರಾಕತ್ತೈತಿ. ಸಾವಕಾಶ ತಿರುಗಸು” ಎಂದು ಬೈದಳು.